ಮೂರು ಗಂಟೆಗೆ ಸರಿಯಾಗಿ, ಬರಿಗಾಲಿನಲ್ಲಿ

ಗೋಲ್ಡನ್ ಗೇಟ್ ಸೇತುವೆಯನ್ನು ನಾನೂ ನೋಡಿದೆ. ಅದು ಕೆಂಪಗಿದೆ, ಉದ್ದವಾಗಿದೆ, ನಾನು ಹೋದ ದಿನ ಅದರ ಅರ್ಧವನ್ನು ಮಂಜು ನುಂಗಿತ್ತು. ಅದರ ಬಗ್ಗೆ ಇನ್ನೂ ತಿಳಿಯಬೇಕೆನ್ನುವವರು ನನಗಿಂತ ಮೊದಲು ಅಮೆರಿಕಕ್ಕೆ ಹೋಗಿ ಬಂದವರ ಪುಸ್ತಕಗಳನ್ನು ಓದಬಹುದು. ಸೇತುವೆಗೆ ಬೆನ್ನು ಕೊಟ್ಟು ನಿಂತ ಲೇಖಕರ ಭಾವಚಿತ್ರವೂ ಅವುಗಳಲ್ಲಿ ಸಿಗುತ್ತದೆ.

ನಾನು ಹೇಳಹೊರಟಿರುವುದು ಸ್ಕಾಟ್ಲೆಂಡಿನ ಒಂದು ರಾಕ್ ಸಂಗೀತ ತಂಡದ ವಿಷಯ. ಅದು ನಾಲ್ಕು ವರ್ಷ ಬದುಕಿತ್ತು. ಮಿಲ್ಪಿಟಾಸ್ ಎಂಬ ಊರಿನ ಸಭಾಂಗಣದಲ್ಲಿ, ರೇಷ್ಮೆ ಸೀರೆ ಉಟ್ಟ ಶ್ರೋತೃಗಳ ಎದುರು, ಒಂದು ಶನಿವಾರ ಮಧ್ಯಾಹ್ನ ನಗುನಗುತ್ತಾ ಮುಗಿದುಹೋಯಿತು. ಅಲ್ಲಿಯ ಪತ್ರಿಕೆಗಳು ಅದನ್ನು ಬರೆಯಲಿಲ್ಲ, ಇಲ್ಲಿಯವಕ್ಕೆ ಗೊತ್ತೇ ಇಲ್ಲ. ನಾಲ್ವರು ದುಡಿಯುವ ತರುಣರ ಬದುಕನ್ನು ಬೇರೆ ಯಾರೋ ಸಹಿ ಹಾಕಿ ಕಟ್ಟಿ, ಬೇರೆ ಯಾರೋ ಸಹಿ ಹಾಕದೆ ಕೆಡವಿದಾಗ, ಹೊಣೆ ಯಾರದೆಂದು ಒಬ್ಬರಾದರೂ ಕೇಳಬೇಕು. ರಾಜ್ಯಶಾಸ್ತ್ರದ ಎಂ.ಎ. ಪದವಿ ನನಗೆ ಕಲಿಸಿದ್ದು ಇದೊಂದನ್ನೇ. ಆದ್ದರಿಂದ ಕೇಳುತ್ತಿದ್ದೇನೆ. ಆದರೆ ಆ ಮಧ್ಯಾಹ್ನ ನಾನು ಕಂಡಷ್ಟು ಸಂತೋಷವನ್ನು ಬೇರೆಲ್ಲೂ ಕಂಡಿಲ್ಲವಾದ್ದರಿಂದ, ಈ ಸಿಟ್ಟಿನ ನಡುನಡುವೆ ನಗು ಬಂದರೆ ಓದುಗರು ಕ್ಷಮಿಸಬೇಕು.

ವಿಮಾನದಲ್ಲಿ

ಲಂಡನ್ನಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನದಲ್ಲಿ ನನ್ನ ಪಕ್ಕಕ್ಕೆ ಕೆಂಚುಗೂದಲಿನ ಹುಡುಗಿಯೊಬ್ಬಳು ಕುಳಿತಿದ್ದಳು. ನನ್ನದೇ ವಯಸ್ಸು. ಊಟದ ತಟ್ಟೆ ಇಡುವ ಹಲಗೆಯನ್ನು ಬಿಚ್ಚಿದವಳೇ ಎರಡು ಬೆರಳುಗಳಿಂದ ಅದನ್ನು ಬಾರಿಸತೊಡಗಿದಳು. ಮುಂದಿನ ಸೀಟಿನ ಮನುಷ್ಯ ತಿರುಗಿ ತಿರುಗಿ ನೋಡಿದ. ಕೊನೆಗೆ ನಾನೇ, ‘ದಯವಿಟ್ಟು ನಿಲ್ಲಿಸುತ್ತೀರಾ?’ ಎಂದೆ. ಅವಳು ಕೆಂಪಾಗಿ, ಕ್ಷಮೆ ಕೇಳಿ, ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಕಾಲು ಶುರುವಾಯಿತು.

ನನಗೆ ನಗು ತಡೆಯಲಾಗಲಿಲ್ಲ. ಮೃದಂಗ ನುಡಿಸುವ ನಮ್ಮ ದೊಡ್ಡಪ್ಪ ಸಾವಿನ ಮನೆಯಲ್ಲೂ ತೊಡೆಯ ಮೇಲೆ ತಾಳ ಹಾಕಿ ಬೈಸಿಕೊಂಡವರು. ಈ ರೋಗದ ಪರಿಚಯ ನನಗುಂಟು. ಹಾಗೆಂದು ಅವಳಿಗೆ ಹೇಳಿದೆ. ಮೃದಂಗ ಎಂದರೇನೆಂದು ಕೇಳಿದಳು. ಬಾಯಲ್ಲಿ ವಿವರಿಸಲಾಗದೆ, ನಾನೇ ಹಲಗೆಯ ಮೇಲೆ ಆದಿತಾಳ ಹಾಕಿ ತೋರಿಸಿದೆ. ಎರಡನೆಯ ಆವರ್ತಕ್ಕೆ ಅವಳು ಅದನ್ನು ಹಿಡಿದಳು, ಮೂರನೆಯದಕ್ಕೆ ತನ್ನದೊಂದು ತಿರುವು ಸೇರಿಸಿ ನನಗೇ ಹಿಂದಿರುಗಿಸಿದಳು. ಮುಂದಿನ ಸೀಟಿನ ಮನುಷ್ಯ ಗಗನಸಖಿಯನ್ನು ಕರೆದು ಬೇರೆ ಜಾಗ ಕೇಳಿ ಎದ್ದುಹೋದ.

ಅವಳ ಹೆಸರು ಮೊರಾಗ್. ‘ದಿ ವೆಟ್ ಸ್ಲೇಟ್ಸ್’ ಎಂಬ ತಂಡದಲ್ಲಿ ಡ್ರಮ್ ಬಾರಿಸುತ್ತಾಳೆ. ಉಳಿದ ಮೂವರು ಹಿಂದಿನ ಸಾಲಿನಲ್ಲಿ ಬಾಯಿ ತೆರೆದು ಮಲಗಿದ್ದರು: ಹಾಡುಗಾರ ಕ್ಯಾಲಮ್, ಮತ್ತು ಗಿಟಾರ್ ನುಡಿಸುವ ಅಣ್ಣತಮ್ಮಂದಿರು. ಸೋದರರಿಬ್ಬರ ನಡುವೆ ಒಂದು ಸೀಟು ಖಾಲಿ ಇತ್ತು. ‘ಅವರು ಮಾತು ಬಿಟ್ಟಿದ್ದಾರೆ’ ಎಂದಳು ಮೊರಾಗ್, ನಮ್ಮ ಕಡೆ ದಾಯಾದಿಗಳ ವಿಷಯ ಹೇಳುವಂತೆ ತೀರಾ ಸಹಜವಾಗಿ. ತಮ್ಮ ಊರಿನ ಮನೆಗಳಿಗೆಲ್ಲ ಸ್ಲೇಟು ಕಲ್ಲಿನ ಚಾವಣಿಯಂತೆ, ಅವು ಒಣಗಿದ್ದನ್ನು ಯಾರೂ ಕಂಡಿಲ್ಲವಂತೆ. ತಂಡದ ಹೆಸರು ಬಂದದ್ದು ಹಾಗೆ.

ಆರು ವರ್ಷ ಕಾಲೇಜಿನಲ್ಲಿ ಕಲಿತ ನನ್ನ ಇಂಗ್ಲಿಷು ಅವಳ ಉಚ್ಚಾರಣೆಯ ಮುಂದೆ ಮಂಡಿಯೂರಿತು. ಆದರೂ ಇಳಿಯುವ ಹೊತ್ತಿಗೆ ನಾವು ಗೆಳತಿಯರಾಗಿದ್ದೆವು. ನಾನು ಉಳಿಯಲಿದ್ದ ಚಿಕ್ಕಪ್ಪನ ಮನೆಯ ಫೋನ್ ನಂಬರನ್ನು ಅವಳು ಅಂಗೈಯ ಮೇಲೆ ಬರೆದುಕೊಂಡಳು.

ಕ್ಯುಪರ್ಟಿನೋ

ಚಿಕ್ಕಪ್ಪ ಬೆಂಗಳೂರಿನವರು, ಮಿಲ್ಪಿಟಾಸ್‌ನ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಎಂಜಿನಿಯರು. ಆ ವರ್ಷ ಅಲ್ಲಿನ ಕನ್ನಡ ಸಂಘದ ಅಧ್ಯಕ್ಷರೂ ಆಗಿದ್ದರು. ಅವರ ಮನೆಯ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ಗಣೇಶೋತ್ಸವದ ಕಾರ್ಯಕ್ರಮಕ್ಕೆ ಅಚ್ಚು ಹಾಕಿಸಿದ ಆಹ್ವಾನ ಪತ್ರಿಕೆಗಳು ಗುಡ್ಡೆಯಾಗಿ ಬಿದ್ದಿದ್ದವು. ಪ್ರಯಾಣದ ಆಯಾಸ ಇಳಿಯುವ ಮೊದಲೇ ನನ್ನನ್ನು ಲಕೋಟೆಗೆ ಅಂಟು ಹಚ್ಚಲು ಕೂರಿಸಿದರು.

ಪತ್ರಿಕೆಯಲ್ಲಿ ‘ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ’ ಎಂದಿತ್ತು. ಅದರ ಪಕ್ಕದಲ್ಲೇ ಚಿಕ್ಕಪ್ಪ ಕೈಯಲ್ಲಿ ಬರೆದಿಟ್ಟಿದ್ದ ಕಾರ್ಯಕ್ರಮದ ಅನುಕ್ರಮದಲ್ಲಿ ಪ್ರಾರ್ಥನೆ ಐದಕ್ಕೆ ಎಂದಿತ್ತು.

‘ಇದೇನು ಚಿಕ್ಕಪ್ಪ, ಅಚ್ಚಿನ ತಪ್ಪಾ?’

‘ತಪ್ಪಲ್ಲ ಕಣೇ ಸುಮಾ, ಪ್ಲಾನಿಂಗು. ಮೂರು ಅಂತ ಹಾಕಿದ್ರೆ ನಮ್ಮೋರು ಐದಕ್ಕೆ ಬರ್ತಾರೆ. ಐದು ಅಂತ ಹಾಕಿದ್ರೆ ಏಳಕ್ಕೆ ಬರ್ತಾರೆ. ಪ್ಯೂರ್ ಮ್ಯಾಥಮೆಟಿಕ್ಸು.’

‘ಮೂರು ಅನ್ನೋದು ಸುಳ್ಳು ಅಂತ ಜನಕ್ಕೆ ಗೊತ್ತಾ?’

‘ಗೊತ್ತಿಲ್ದೇ ಏನು? ಅದಕ್ಕೇ ಐದಕ್ಕೆ ಬರೋದು.’

‘ಹಾಗಾದ್ರೆ ಯಾರು ಯಾರಿಗೆ ಮೋಸ ಮಾಡ್ತಿದೀರಿ?’

ಚಿಕ್ಕಮ್ಮ ಅಡುಗೆಮನೆಯಿಂದಲೇ ನಕ್ಕರು. ಚಿಕ್ಕಪ್ಪನಿಗೆ ನಗು ಬರಲಿಲ್ಲ. ನನಗೂ ಬರಲಿಲ್ಲ. ಸಾರ್ವಜನಿಕ ಸಂಸ್ಥೆಯೊಂದು ತನ್ನ ಸದಸ್ಯರಿಗೆ ಅಚ್ಚಿನಲ್ಲಿ ಸುಳ್ಳು ಹೇಳುವುದು, ಸದಸ್ಯರು ಅದನ್ನು ಸುಳ್ಳೆಂದು ಗೌರವಿಸುವುದು, ಇಬ್ಬರೂ ಸೇರಿ ಇದನ್ನು ಸಂಸ್ಕೃತಿ ಎನ್ನುವುದು! ಊರಿನಲ್ಲಿ ಸಚಿವರು ಸಭೆಗೆ ತಡವಾಗಿ ಬಂದದ್ದರ ಮೇಲೆ ವಾರಪತ್ರಿಕೆಗೆ ಲೇಖನ ಬರೆದವಳು ನಾನು. ಸಮುದ್ರ ದಾಟಿ ಬಂದು ಅದೇ ರೋಗದ ಲಕೋಟೆಗೆ ಅಂಟು ಹಚ್ಚಲೇ? ಕುಂಚವನ್ನು ಕೆಳಗಿಟ್ಟೆ. ಚಿಕ್ಕಪ್ಪನ ಮಗಳು ಅಂಜು ಅದನ್ನು ಎತ್ತಿಕೊಂಡಳು.

‘ಅಕ್ಕಾ, ಇಟ್ಸ್ ಜಸ್ಟ್ ಅ ಕಾರ್ಡ್’ ಎಂದಳು. ಆ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಡ್ಯಾನ್‌ವಿಲ್

ನನ್ನ ಪಕ್ಷಕ್ಕೆ ಒಬ್ಬರು ಸಿಕ್ಕಿದ್ದು ಡ್ಯಾನ್‌ವಿಲ್‌ನಲ್ಲಿ. ಸಂಘದ ಸದಸ್ಯರಾದ ಡಾಕ್ಟರೊಬ್ಬರ ಮನೆಗೆ ಆಹ್ವಾನ ಕೊಡಲು ಹೋಗಿದ್ದೆವು. ಅವರ ತಂದೆ ಗದಗದ ನಿವೃತ್ತ ಹೆಡ್‌ಮಾಸ್ತರರು. ಎಲ್ಲರೂ ಪಾಟೀಲ ಮಾಸ್ತರರು ಎನ್ನುತ್ತಿದ್ದರು. ಬಿಳಿ ಧೋತರ, ಅದರ ಮೇಲೆ ಮಗನ ದಪ್ಪನೆಯ ಅಮೆರಿಕನ್ ಜಾಕೀಟು, ಜೇಬಿನಲ್ಲಿ ಕೆಂಪು ಪೆನ್ನು.

‘ಈ ಊರಾಗ ನಡದಾಡೋದು ಭಾಳ ಕಠಿಣ ಐತಿ ನೋಡವಾ’ ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ‘ಕೈಯಾಗ ಒಂದು ನಾಯಿ ಇರಬೇಕು. ಖಾಲಿ ಕೈಲೆ ನಡದ್ರ ಮಂದಿ ಕಾರ್ ನಿಲ್ಲಿಸಿ, ಏನಾತ್ರೀ, ದಾರಿ ತಪ್ಪೀರೇನು ಅಂತ ಕೇಳ್ತಾರ.’

ಚಿಕ್ಕಪ್ಪ ಆಹ್ವಾನ ಪತ್ರಿಕೆ ಕೊಟ್ಟರು. ಮಾಸ್ತರರು ಅದನ್ನು ಓದಿ, ಎದ್ದುಹೋಗಿ, ಹಿಂದಿನ ಪತ್ರಿಕೆಗಳನ್ನು ತಂದು ನನ್ನ ಮುಂದೆ ಹರಡಿದರು. ಯುಗಾದಿಯದು, ರಾಜ್ಯೋತ್ಸವದ್ದು, ದೀಪಾವಳಿಯದು. ಪ್ರತಿಯೊಂದರಲ್ಲೂ ಸಮಯ ಅಚ್ಚಾದ ಕಡೆ ಕೆಂಪು ಶಾಯಿಯಲ್ಲಿ ದೊಡ್ಡದೊಂದು ತಪ್ಪು ಗುರುತು.

‘ಎಲ್ಲಾಕ್ಕೂ ನಾ ಹೊತ್ತಿಗೆ ಸರಿಯಾಗಿ ಹೋಗೇನಿ. ಖಾಲಿ ಕುರ್ಚಿ ಎಣಿಸಿ ಬಂದೇನಿ. ಅಧ್ಯಕ್ಷರ, ಈ ಸಲಾನೂ ಬರತೇನಿ. ಪೆನ್ನೂ ತರತೇನಿ.’

‘ದಯವಿಟ್ಟು ಸ್ವಲ್ಪ ಲೇಟಾಗಿ ಬನ್ನಿ ಸಾರ್, ನಿಮಗೇ ಆರಾಮು’ ಎಂದು ಚಿಕ್ಕಪ್ಪ ಕೈಮುಗಿದರು.

‘ಕಾರ್ಡಿನ್ಯಾಗ ಹಂಗ ಬರದಿಲ್ಲಲ್ರೀ.’

ಆ ಮನುಷ್ಯನ ಪಾದ ಮುಟ್ಟಿ ನಮಸ್ಕರಿಸಿ ಬಂದೆ.

ಸ್ಯಾನ್ ಫ್ರಾನ್ಸಿಸ್ಕೋ

ಮೊರಾಗ್ ಫೋನ್ ಮಾಡಿದಳು. ನಗರದಲ್ಲಿ ಅವರ ಕಾರ್ಯಕ್ರಮವಿದೆ, ಬಾಗಿಲಲ್ಲಿ ಟಿಕೇಟು ಇಟ್ಟಿರುತ್ತೇನೆ ಎಂದಳು. ಅಂಜು ಕುಣಿದಾಡಿದಳು. ಇಬ್ಬರು ಹುಡುಗಿಯರನ್ನು ರಾಕ್ ಸಂಗೀತಕ್ಕೆ ಹಾಗೇ ಕಳಿಸುವುದು ಹೇಗೆಂದು ಚಿಕ್ಕಮ್ಮ ತಾವೂ ಹೊರಟರು: ಮೈಸೂರು ಸಿಲ್ಕ್ ಸೀರೆ, ಕಿವಿಗೆ ಹತ್ತಿ, ಕೈಯಲ್ಲಿ ಪುಳಿಯೋಗರೆಯ ಸ್ಟೀಲ್ ಡಬ್ಬಿ. ಬಾಗಿಲಲ್ಲಿದ್ದ ದೈತ್ಯ ಕಾವಲುಗಾರ ಡಬ್ಬಿಯ ಮುಚ್ಚಳ ತೆಗೆಸಿ ಮೂಸಿ ನೋಡಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ. ಚಿಕ್ಕಮ್ಮ ಅವನ ಅಂಗೈಗೆ ಒಂದು ತುತ್ತು ಹಾಕಿದ ಮೇಲೆಯೇ ನಮ್ಮನ್ನು ಒಳಗೆ ಬಿಟ್ಟದ್ದು.

ಅಂದಿನ ಮುಖ್ಯ ತಂಡ ಬೇರೆ, ಬಹಳ ಪ್ರಸಿದ್ಧವಾದದ್ದು. ವೆಟ್ ಸ್ಲೇಟ್ಸ್ ಅದಕ್ಕೆ ಮೊದಲು ನುಡಿಸುವವರು. ಮೊದಲು ನುಡಿಸುವುದೆಂದರೆ ಏನೆಂದು ಆ ಸಂಜೆ ತಿಳಿಯಿತು. ಸಭಾಂಗಣದ ದೀಪಗಳು ಇನ್ನೂ ಉರಿಯುತ್ತಿರುತ್ತವೆ. ಜನ ಬಿಯರ್ ಲೋಟ ಹಿಡಿದು ಸೀಟು ಹುಡುಕುತ್ತಿರುತ್ತಾರೆ, ಗೆಳೆಯರನ್ನು ಕೂಗಿ ಕರೆಯುತ್ತಿರುತ್ತಾರೆ. ಕ್ಯಾಲಮ್ ಕಣ್ಣು ಮುಚ್ಚಿ ಹಾಡುತ್ತಿದ್ದ. ಮೊರಾಗ್ ಮೈಯೆಲ್ಲ ಬೆವರಿ ಬಾರಿಸುತ್ತಿದ್ದಳು. ಅವರಿಗೆ ಬೆನ್ನು ಹಾಕಿ ನಿಂತ ಒಬ್ಬಾತ ಚಿಕ್ಕಮ್ಮನನ್ನು ಶೌಚಾಲಯ ಎಲ್ಲಿದೆಯೆಂದು ಕೇಳಿದ. ಇಪ್ಪತ್ತು ನಿಮಿಷಕ್ಕೆ ಯಾರೋ ಪಕ್ಕದಿಂದ ಕೈ ಬೀಸಿದರು. ಹಾಡಿನ ನಡುವೆಯೇ ಅವರು ನಿಲ್ಲಿಸಿ ಇಳಿದುಹೋದರು.

ಕಟ್ಟಡದ ಹಿಂದೆ, ಅವರ ವ್ಯಾನಿನ ಮೆಟ್ಟಿಲ ಮೇಲೆ ಕುಳಿತು ನಾಲ್ವರೂ ಪುಳಿಯೋಗರೆ ತಿಂದರು. ಬೆರಳಿನಿಂದ ತಿನ್ನುವುದನ್ನು ಚಿಕ್ಕಮ್ಮ ಕಲಿಸಿದರು. ಕ್ಯಾಲಮ್‌ನ ಕಣ್ಣಲ್ಲಿ ಖಾರಕ್ಕೆ ನೀರು ಬಂತು, ಆದರೂ ಕೈ ಚಾಚಿ ಮತ್ತೆ ಹಾಕಿಸಿಕೊಂಡ. ಆಗ ಮೊರಾಗ್ ತಮ್ಮ ಕಥೆ ಹೇಳಿದಳು.

ನಾಲ್ವರೂ ಕ್ಲೈಡ್ ನದಿಯ ದಂಡೆಯ ಒಂದೇ ಬೀದಿಯವರು. ನಾಲ್ವರ ತಂದೆಯರೂ ಹಡಗು ಕಟ್ಟುವ ಒಂದೇ ಕಾರ್ಖಾನೆಯಲ್ಲಿ ದುಡಿದವರು. ಒಂದು ಬೆಳಿಗ್ಗೆ ಅವರು ಕೆಲಸಕ್ಕೆ ಹೋದಾಗ ಗೇಟಿಗೆ ಸರಪಳಿ ಬಿದ್ದಿತ್ತು. ಊರಿಗೆ ಊರೇ ಮನೆಯಲ್ಲಿ ಕುಳಿತಿತು. ಕ್ಯಾಲಮ್‌ನ ತಾಯಿ ಚರ್ಚಿನ ಸಭಾಂಗಣ ಗುಡಿಸುವವಳಾದ್ದರಿಂದ ಅದರ ಬೀಗದ ಕೈ ಅವರಲ್ಲಿತ್ತು. ತಂಡ ಹುಟ್ಟಿದ್ದು ಅಲ್ಲಿ. ಆ ಸರಪಳಿಯ ಮೇಲೆ ಅವರು ಕಟ್ಟಿದ ಹಾಡನ್ನು ಸ್ಥಳೀಯ ರೇಡಿಯೋ ಹಾಕಿತು. ಅದನ್ನು ಕೇಳಿ ಲಂಡನ್ನಿನಿಂದ ರೆಕಾರ್ಡ್ ಕಂಪನಿಯವರು ಬಂದರು, ಕೈ ಕುಲುಕಿದರು, ಸಹಿ ಹಾಕಿಸಿದರು.

ಕಂಪನಿ ಮಾಡಿದ ಮೊದಲ ಕೆಲಸ ಆ ಹಾಡನ್ನೇ ತೆಗೆದುಹಾಕಿದ್ದು. ‘ಅಮೆರಿಕದವರಿಗೆ ಹಡಗುಕಟ್ಟೆ ಅರ್ಥವಾಗುವುದಿಲ್ಲ’ ಎಂದರಂತೆ. ಎರಡನೆಯದಾಗಿ, ಊರಿನ ಉಚ್ಚಾರಣೆ ಬಿಟ್ಟು ಹಾಡೆಂದು ಕ್ಯಾಲಮ್‌ಗೆ ಹೇಳಿಕೊಟ್ಟರು. ಮೂರನೆಯದಾಗಿ ಕೂದಲು. ರೆಕಾರ್ಡು ಹೊರಬಂತು, ಮಾರಾಟವಾಗಲಿಲ್ಲ. ಸಹಿ ಹಾಕಿಸಿದ ಮನುಷ್ಯ ಕೆಲಸ ಬಿಟ್ಟುಹೋದ, ಅವನ ಜಾಗಕ್ಕೆ ಬಂದವನು ಫೋನ್ ಎತ್ತಲಿಲ್ಲ. ಕೊನೆಗೆ ಯಾರದೋ ಬಾಲವಾಗಿ ಅಮೆರಿಕಕ್ಕೆ ಅಟ್ಟಿದರು. ಈ ವಾರಕ್ಕೆ ಒಪ್ಪಂದ ಮುಗಿಯುತ್ತದೆ. ಊರಿಗೆ ಹೋದ ಮೇಲೆ ತಂಡವಿಲ್ಲ. ಮೊರಾಗ್ ನರ್ಸಿಂಗ್ ಶಾಲೆಗೆ ಸೇರುತ್ತಾಳೆ.

‘ಇದಕ್ಕೆಲ್ಲ ಹೊಣೆ ಯಾರು? ಒಬ್ಬರ ಹೆಸರು ಹೇಳಿ’ ಎಂದೆ. ನನ್ನ ದನಿ ಏರಿತ್ತು.

‘ತಮಾಷೆ ಅದೇ’ ಎಂದ ಕ್ಯಾಲಮ್. ‘ಯಾರೂ ಇಲ್ಲ. ಎಲ್ಲರೂ ಒಳ್ಳೆಯವರೇ. ಎಲ್ಲರೂ ಕೈ ಕುಲುಕಿದರು.’

‘ನನಗೆ ಬೇಜಾರು ಅದಕ್ಕಲ್ಲ’ ಎಂದಳು ಮೊರಾಗ್, ಡಬ್ಬಿಯ ತಳ ಬಳಿಯುತ್ತಾ. ‘ಸಹಿ ಹಾಕಿದಾಗಿನಿಂದ ನಾವು ಒಂದೇ ಒಂದು ಪೂರ್ತಿ ಕಛೇರಿ ಮಾಡಿಲ್ಲ. ಇನ್ಯಾರಿಗೋ ಕಾಯುತ್ತಿರುವ ಜನಕ್ಕೇ ಯಾವಾಗಲೂ ನುಡಿಸಿದ್ದು. ನಮ್ಮ ಹಿಂದೆ ಇನ್ಯಾರೂ ಬರದಂಥ ಒಂದು ದಿನ ಬೇಕು. ಆ ಸರಪಳಿಯ ಹಾಡನ್ನೂ ಸೇರಿಸಿ ಮೊದಲಿನಿಂದ ಕೊನೆಯವರೆಗೆ. ಒಂದು ಸಲ.’

ಅವರ ಕಾರ್ಯಕ್ರಮಗಳನ್ನು ಗೊತ್ತುಮಾಡುವ ಏಜೆಂಟ್ ಅದಕ್ಕೂ ಒಂದು ವ್ಯವಸ್ಥೆ ಮಾಡಿದ್ದಾನಂತೆ. ಬರುವ ಶನಿವಾರ ಸಂಜೆ, ಅವರದೇ ಪೂರ್ತಿ ಕಾರ್ಯಕ್ರಮ, ಮಿಲ್ಪಿಟಾಸ್‌ನ ಒಂದು ಸಭಾಂಗಣದಲ್ಲಿ.

ಅದೇ ಶನಿವಾರ, ಅದೇ ಊರಿನಲ್ಲಿ ನಮ್ಮ ಗಣೇಶೋತ್ಸವವೂ ಇದ್ದುದರಿಂದ ಹೋಗಲಾಗುವುದಿಲ್ಲವಲ್ಲ ಎಂದಷ್ಟೇ ನಾನು ಮರುಗಿದೆ. ಊರಿನಲ್ಲಿ ಎಷ್ಟು ಸಭಾಂಗಣಗಳಿವೆ ಎಂದು ಕೇಳಲು ಎಂ.ಎ. ಓದಿದವಳಿಗೆ ಹೊಳೆಯಲಿಲ್ಲ.

ಮಿಲ್ಪಿಟಾಸ್

ಶನಿವಾರ ಊಟದ ಹೊತ್ತಿಗೆ ನಾವು ರಂಗೋಲಿ ಪುಡಿ, ಗಣಪತಿ, ಬಿಸಿಬೇಳೆಬಾತಿನ ಪಾತ್ರೆಗಳೊಂದಿಗೆ ಹೋದರೆ, ಸಭಾಂಗಣದ ಬಾಗಿಲಿಗೆ ವ್ಯಾನು ಅಡ್ಡ ನಿಂತಿತ್ತು. ಮೊರಾಗ್ ಡ್ರಮ್ಮುಗಳನ್ನು ಇಳಿಸುತ್ತಿದ್ದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ಕಿರುಚಿ ಅಪ್ಪಿಕೊಂಡೆವು. ಅಪ್ಪಿಕೊಂಡಿದ್ದಾಗಲೇ ಇಬ್ಬರಿಗೂ ವಿಷಯ ಅರ್ಥವಾಗಿ ಕೈಗಳು ಸಡಿಲಾದವು.

ಸಭಾಂಗಣದ ಮ್ಯಾನೇಜರು ಇಬ್ಬರಿಗೂ ಒಂದೇ ದಿನವನ್ನು ಕೊಟ್ಟಿದ್ದ. ಕೇಳಿದರೆ, ‘ಹೊಸ ಕಂಪ್ಯೂಟರಿನ ತಪ್ಪು’ ಎಂದ.

ಈ ಮಾತನ್ನು ಆತ ಜಗತ್ತಿನ ಬೇರೆ ಯಾರ ಮುಂದೆ ಆಡಿದ್ದರೂ ನಡೆಯುತ್ತಿತ್ತು. ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಖಜಾಂಚಿಯೊಬ್ಬರನ್ನು ಬಿಟ್ಟರೆ ಎಲ್ಲರೂ ಕಂಪ್ಯೂಟರು ಎಂಜಿನಿಯರುಗಳು. ಪಂಚೆ, ಜುಬ್ಬಾ, ಹಣೆಯ ಕುಂಕುಮ ಸಮೇತ ಅವರೆಲ್ಲ ಮ್ಯಾನೇಜರಿನ ಪುಟ್ಟ ಕೋಣೆಗೆ ನುಗ್ಗಿ ಆ ಯಂತ್ರವನ್ನು ಸುತ್ತುವರಿದರು. ಗಣಪತಿಯನ್ನು ಹೊರಗೆ ಕಾರಿನ ಡಿಕ್ಕಿಯಲ್ಲೇ ಮರೆತರು. ಒಬ್ಬರು ಕೀಲಿ ಒತ್ತಿದರು, ಒಬ್ಬರು ಹಿಂದಿನ ತಂತಿ ನೋಡಿದರು, ಒಬ್ಬರು ಮೆಮೊರಿ ಸಾಲದೆಂದು ಮರುಕಪಟ್ಟರು. ಮ್ಯಾನೇಜರು ಗೋಡೆಗೆ ಒರಗಿ ನಿಂತಿದ್ದ.

ಅವನ ತಲೆಯ ಪಕ್ಕದಲ್ಲೇ ಗೋಡೆಯ ಕ್ಯಾಲೆಂಡರು ತೂಗುತ್ತಿತ್ತು. ಅದರಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಲ್ಲಿ ನಮ್ಮ ಸಂಘದ ಹೆಸರು ಬರೆದಿತ್ತು. ಕಂಪ್ಯೂಟರಿನಲ್ಲಿ ತಂಡದ ಹೆಸರು ಮಾತ್ರ ಇತ್ತು.

‘ಈ ಕ್ಯಾಲೆಂಡರಿನಲ್ಲಿ ಬರೆದವರು ಯಾರು?’ ಎಂದೆ.

‘ನಾನು.’

‘ಕಂಪ್ಯೂಟರಿಗೆ ತುಂಬಿದವರು?’

‘...ನಾನೇ.’

‘ಹಾಗಾದರೆ ಕಂಪ್ಯೂಟರು ನಿಮ್ಮ ಹೆಸರಾ?’

ಚಿಕ್ಕಪ್ಪ ನನ್ನ ಭುಜ ಹಿಡಿದು ಹಿಂದಕ್ಕೆಳೆದರು. ನಾನು ಅಲ್ಲಿಗೇ ಬಿಡಲಿಲ್ಲ. ಏಜೆಂಟಿಗೆ ಫೋನ್ ಮಾಡಿಸಿದೆ. ಅದು ಬಡಿದುಕೊಳ್ಳುತ್ತಲೇ ಇತ್ತು. ಆತ ಈ ಕಾರ್ಯಕ್ರಮಕ್ಕೆ ಒಂದು ಭಿತ್ತಿಪತ್ರವನ್ನೂ ಅಂಟಿಸಿಲ್ಲ, ಒಂದು ಟಿಕೇಟನ್ನೂ ಅಚ್ಚು ಹಾಕಿಸಿಲ್ಲ ಎಂಬುದು ಆಗ ಹೊರಬಿತ್ತು. ಸಂಜೆಗೆ ತಂಡ ನುಡಿಸಿದರೂ ಖಾಲಿ ಕುರ್ಚಿಗಳಿಗೇ ನುಡಿಸಬೇಕಿತ್ತು. ಕ್ಯಾಲಮ್ ಡ್ರಮ್ಮಿನ ಪೆಟ್ಟಿಗೆಯೊಂದನ್ನು ಎತ್ತಿ ವ್ಯಾನಿನೊಳಗೆ ವಾಪಸ್ಸಿಟ್ಟ.

ಮ್ಯಾನೇಜರು ತೀರ್ಪು ಕೊಟ್ಟ. ಚಿಕ್ಕಪ್ಪ ಜೇಬಿನಿಂದ ಆಹ್ವಾನ ಪತ್ರಿಕೆ ತೆಗೆದು ತೋರಿಸಿ, ಅದರಲ್ಲಿದ್ದ ಸಮಯವನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದ್ದರು. ‘ಇವರದು ಮೂರರಿಂದ ರಾತ್ರಿಯವರೆಗೆ ಅಚ್ಚಾಗಿದೆ. ಜನ ಬರುತ್ತಾರೆ. ನೀವು ಹೋಗಬೇಕು.’

ನನ್ನ ಮೈ ಉರಿದುಹೋಯಿತು. ಇಡೀ ದೇಶದಲ್ಲಿ ನನಗೆ ಗೊತ್ತಿದ್ದ ಒಂದೇ ಒಂದು ಅಚ್ಚಿನ ಸುಳ್ಳು ಸಾಕ್ಷಿ ಹೇಳಿ ಗೆದ್ದಿತ್ತು! ಚಿಕ್ಕಪ್ಪನನ್ನು ಪಕ್ಕಕ್ಕೆ ಕರೆದೆ.

‘ಚಿಕ್ಕಪ್ಪಾ, ಮೂರಕ್ಕೆ ನಾವು ಏನು ಮಾಡ್ತೀವಿ?’

‘ಏನ್ ಮಾಡ್ತೀವಿ ಅಂದ್ರೆ... ಮೈಕ್ ಟೆಸ್ಟಿಂಗು.’

‘ಆ ಎರಡು ಗಂಟೆ ಅವರಿಗೆ ಕೊಡಿ. ಹೇಗೂ ನಮ್ಮವರು ಬರೋದು ಐದಕ್ಕೆ ತಾನೆ? ಹಾಗಂತ ಮ್ಯಾನೇಜರಿಗೆ ಹೇಳಿ.’

‘ಹುಚ್ಚಾ ನಿಂಗೆ? ಆ ಅಮೆರಿಕನ್ ಮುಂದೆ ನಿಂತ್ಕೊಂಡು, ಸ್ವಾಮೀ ನಾವು ಇಂಡಿಯನ್ಸು, ಎರಡು ಗಂಟೆ ಲೇಟಾಗಿ ಬರೋ ಜನ ಅಂತ ನನ್ನ ಬಾಯಲ್ಲೇ ಹೇಳ್ಲಾ? ದೇಶದ ಮರ್ಯಾದೆ ಪ್ರಶ್ನೆ ಕಣೇ!’

‘ದೇಶದ ಮರ್ಯಾದೆ ಸುಳ್ಳಿನ ಮೇಲೆ ನಿಂತಿದ್ರೆ...’ ಎಂದು ನಾನು ಭಾಷಣ ಶುರುಮಾಡುವಷ್ಟರಲ್ಲಿ ಚಿಕ್ಕಮ್ಮ ಕೈಯಲ್ಲಿ ಸೌಟು ಹಿಡಿದು ಬಂದರು.

‘ರೀ, ಬಾತಿಗೆ ಇನ್ನೂ ಒಗ್ಗರಣೆ ಬಿದ್ದಿಲ್ಲ, ಮೂರಕ್ಕೆ ಯಾರಿಗ್ ಬಡಿಸ್ತೀರಿ? ಆ ಮಕ್ಕಳು ನನ್ನ ಕೈಯಾರೆ ಊಟ ಮಾಡಿವೆ. ಹಾಡ್ಕೊಳ್ಳಿ ಬಿಡಿ. ಲೇಟು ಗೀಟು ಅಂತ ಯಾಕೆ ಹೇಳ್ಬೇಕು? ನಮ್ಮ ಪ್ರೋಗ್ರಾಮೇ ಅಂತ ಹೇಳಿ. ಸ್ಕಾಟ್ಲೆಂಡಿಂದ ಬಂದ ಅತಿಥಿ ಕಲಾವಿದರು!’

ಚಿಕ್ಕಪ್ಪನ ಮುಖ ಬೆಳಗಿತು. ಅತಿಥಿ ಕಲಾವಿದರು! ಬೇರೆ ಊರಿನ ಯಾವ ಕನ್ನಡ ಸಂಘಕ್ಕೂ ಸ್ಕಾಟ್ಲೆಂಡಿನಿಂದ ಯಾರೂ ಬಂದಿರಲಿಲ್ಲ. ಗಂಟಲು ಸರಿಮಾಡಿಕೊಂಡು ಮ್ಯಾನೇಜರಿನ ಬಳಿ ಹೋಗಿ, ‘ನಮ್ಮ ಕಾರ್ಯಕ್ರಮ ಮೂರು ಗಂಟೆಗೆ ಸರಿಯಾಗಿ ಆರಂಭವಾಗುತ್ತದೆ. ಇವರು ನಮ್ಮ ಮೊದಲ ಕಲಾವಿದರು’ ಎಂದು ಘೋಷಿಸಿದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಸುಳ್ಳಿನ ಲವಲೇಶವೂ ಇರಲಿಲ್ಲ.

ಮೊರಾಗ್‌ಗೆ ಮಾತ್ರ ಒಂದು ಅನುಮಾನ ಉಳಿಯಿತು. ‘ಅಂದರೆ ಇಲ್ಲೂ ನಾವು ಮೊದಲು ನುಡಿಸುವವರೇ?’

‘ಅಲ್ಲ’ ಎಂದೆ. ‘ಕೈ ಬೀಸಿ ನಿಮ್ಮನ್ನು ಇಳಿಸಲು ಇಲ್ಲಿ ಯಾರೂ ಇಲ್ಲ. ಹೊಣೆ ನನ್ನದು.’

ವೇದಿಕೆ

ಗಣಪತಿಯನ್ನು ಡಿಕ್ಕಿಯಿಂದ ಬಿಡಿಸಿ ವೇದಿಕೆಯ ಮೂಲೆಯಲ್ಲಿ ಕೂರಿಸಿಯಾಗಿತ್ತು. ‘ದೇವರ ಮುಂದೆ ಬೂಟು ಹಾಕ್ಕೊಂಡು ಹತ್ತೋ ಹಾಗಿಲ್ಲ’ ಎಂದರು ಚಿಕ್ಕಮ್ಮ. ನಾಲ್ವರೂ ಬೂಟು ಬಿಚ್ಚಿದರು. ಸೋದರರಿಬ್ಬರ ಕಾಲುಚೀಲದಲ್ಲೂ ಹೆಬ್ಬೆರಳಿನ ಬಳಿ ಒಂದೇ ಅಳತೆಯ ತೂತು. ಅದನ್ನು ನೋಡಿ ಅಣ್ಣ ನಕ್ಕ. ತಮ್ಮನೂ ನಕ್ಕುಬಿಟ್ಟ. ‘ಆರು ವಾರದಲ್ಲಿ ಮೊದಲ ಸಲ’ ಎಂದು ಮೊರಾಗ್ ನನ್ನ ಕಿವಿಯಲ್ಲಿ ಉಸುರಿದಳು.

ಅಂಜು ಮತ್ತು ಅವಳ ಗೆಳತಿಯರು, ಅರ್ಧ ಬಣ್ಣ ಬಳಿದ ಮುಖದಲ್ಲೇ, ಪ್ರಾರ್ಥನೆ ಹಾಡಿದರು. ಅದು ಮುಗಿದಾಗ ಮೂರು ಹೊಡೆದಿತ್ತು. ಸಭೆಯಲ್ಲಿದ್ದವರು ಅಡುಗೆಯ ಹೆಂಗಸರು, ಸಮಿತಿಯವರು, ಮ್ಯಾನೇಜರು. ಬಾಗಿಲು ತೆರೆಯಿತು. ಧೋತರದ ಮೇಲೆ ಜಾಕೀಟು ತೊಟ್ಟ ಪಾಟೀಲ ಮಾಸ್ತರರು ಗಡಿಯಾರ ನೋಡುತ್ತಾ ಒಳಗೆ ಬಂದು, ಖಾಲಿ ಕುರ್ಚಿಗಳ ನಡುವೆ ನಡೆದು, ಮೊದಲ ಸಾಲಿನ ನಟ್ಟನಡುವೆ ಕುಳಿತರು. ಜೇಬಿನಿಂದ ಪತ್ರಿಕೆಯನ್ನೂ ಕೆಂಪು ಪೆನ್ನನ್ನೂ ಹೊರತೆಗೆದರು.

ಮೊರಾಗ್ ಕೋಲಿನಿಂದ ಕೋಲಿಗೆ ನಾಲ್ಕು ಸಲ ಬಡಿದಳು.

ನಾನು ಸಂಗೀತ ವಿಮರ್ಶಕಿಯಲ್ಲ. ಅಷ್ಟು ಸದ್ದಿಗೆ ನನ್ನ ಪಕ್ಕೆಲುಬು ನಡುಗಿದ್ದನ್ನು ಹೇಳಬಲ್ಲೆ. ಮಾಸ್ತರರ ಪೆನ್ನು ಗಾಳಿಯಲ್ಲೇ ನಿಂತದ್ದನ್ನು ಹೇಳಬಲ್ಲೆ. ಪೆಡಲಿನ ಮೇಲೆ ಮೊರಾಗ್‌ಳ ಬರಿಗಾಲು ಹೇಗೆ ಕುಣಿಯಿತೆಂದು ಹೇಳಬಲ್ಲೆ. ಎರಡನೆಯ ಹಾಡಿಗೆ ಒಂದು ಕುಟುಂಬ ಬಂತು, ಮೂರನೆಯದಕ್ಕೆ ಎರಡು. ಆಮೇಲೆ ಒಬ್ಬರ ಹಿಂದೆ ಒಬ್ಬರು, ರೇಷ್ಮೆ ಸರಬರ ಎನ್ನಿಸುತ್ತಾ, ಮಲ್ಲಿಗೆ ಸಿಗದ ಊರಿನಲ್ಲಿ ಬಟ್ಟೆಯ ಹೂ ಮುಡಿದು ಬಂದರು. ಬಾಗಿಲಲ್ಲಿ ಬೆಚ್ಚಿ ನಿಂತರು. ‘ಅಯ್ಯೋ, ಟೈಮಿಗೆ ಸರಿಯಾಗಿ ಶುರು ಮಾಡ್ಬಿಟ್ಟಿದಾರೆ ಕಣ್ರೀ!’ ಎಂದು ಗಾಬರಿಯಾದರು. ತಪ್ಪು ತಮ್ಮದೆಂದು ತಿಳಿದು, ತಲೆ ಬಗ್ಗಿಸಿ, ಸದ್ದಿಲ್ಲದೆ ಮುಂದಿನ ಸಾಲುಗಳಿಗೆ ಹೋಗಿ ಕುಳಿತರು. ತಡವಾಗಿ ಬಂದ ಕನ್ನಡಿಗರು ನಾಚಿದ್ದನ್ನು ನನ್ನ ಆಯುಸ್ಸಿನಲ್ಲಿ ಕಂಡದ್ದು ಅದೊಂದೇ ಸಲ. ಯಾರೂ ಇನ್ಯಾರನ್ನೋ ಕಾಯುತ್ತಿರಲಿಲ್ಲ. ಸಂಘದ ಕಾರ್ಯಕ್ರಮವೇ ಇದೆಂದು ನಂಬಿ, ಕುಳಿತು, ಕೇಳಿದರು. ಮಕ್ಕಳು ಕುರ್ಚಿಗಳ ನಡುವೆ ಕುಣಿದರು. ನಾಲ್ಕನೆಯ ಸಾಲಿನ ಅಜ್ಜಿಯೊಬ್ಬರು ತೊಡೆಯ ಮೇಲೆ ತಾಳ ಹಾಕತೊಡಗಿದರು. ಮೊರಾಗ್ ಅದನ್ನು ಕಂಡು, ವಿಮಾನದಲ್ಲಿ ಕಲಿತ ಆದಿತಾಳವನ್ನು ಒಂದು ಆವರ್ತ ಬಾರಿಸಿ ಅಜ್ಜಿಯ ಕಡೆ ಎಸೆದಳು.

ಕ್ಯಾಲಮ್ ಕಣ್ಣು ತೆರೆದು ಹಾಡುತ್ತಿದ್ದ. ಕೊನೆಗೆ ಸರಪಳಿಯ ಹಾಡನ್ನು ಎತ್ತಿಕೊಂಡ. ಅವನ ಊರಿನ ಉಚ್ಚಾರಣೆಯಲ್ಲಿ. ನನಗೆ ಅರ್ಧವೂ ಅರ್ಥವಾಗಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ನನ್ನ ಕಡೆ ಮಾಸ್ತರರು ಬಾಗಿದರು.

‘ಏನಂತ ಹಾಡಾಕತ್ಯಾನವಾ?’

‘ಅವರೂರ ಕಾರ್ಖಾನೆ ಮುಚ್ಚಿದ್ದು, ಮಾಸ್ತರರೇ. ಅವರಪ್ಪಂದಿರು ಕೆಲಸಕ್ಕೆ ಹೋದರೆ ಗೇಟಿಗೆ ಸರಪಳಿ ಹಾಕಿದ್ದರಂತೆ.’

ಅವರು ಪೆನ್ನನ್ನು ಪತ್ರಿಕೆಯ ಮೇಲಿಟ್ಟರು. ‘ನಮ್ಮೂರ ಹತ್ತಿ ಮಿಲ್ಲೂ ಹಿಂಗ ಮುಚ್ಚಿದ್ರು. ನನ್ನ ಸಾಲಿ ಹುಡುಗೂರ ಅಪ್ಪಂದಿರೆಲ್ಲಾ ಅಲ್ಲೇ ಇದ್ರು. ಹಾಡು ಮಾತ್ರ ಯಾರೂ ಕಟ್ಟಲಿಲ್ಲ ನೋಡು.’

ಅಮೆರಿಕದವರಿಗೆ ಅರ್ಥವಾಗುವುದಿಲ್ಲ ಎಂದು ಆ ಹಾಡನ್ನು ತೆಗೆದ ಮಹಾಶಯರೇ, ನೀವು ಲಂಡನ್ನಿನ ಯಾವ ಕುರ್ಚಿಯಲ್ಲಿ ಕುಳಿತಿದ್ದೀರೋ ನನಗೆ ಗೊತ್ತಿಲ್ಲ. ಗದಗದ ಹೆಡ್‌ಮಾಸ್ತರರಿಗೆ ಅದು ಅರ್ಥವಾಯಿತು. ಇನ್ನಾರಿಗೆ ಅರ್ಥವಾಗಬೇಕಿತ್ತೆಂದು ನೀವು ಹೇಳಬೇಕು.

ಹಾಡು ಮುಗಿಯಿತು. ಚಿಕ್ಕಪ್ಪ ವೇದಿಕೆ ಹತ್ತುವುದು ಕಂಡಿತು. ಐದು ದಾಟಿತ್ತು. ಮೊರಾಗ್ ಆಗಲೇ ಕೋಲುಗಳನ್ನು ಕೆಳಗಿಟ್ಟಿದ್ದಳು. ಕೈ ಬೀಸುವವರು ಅವಳಿಗೆ ಅಭ್ಯಾಸವಾಗಿಬಿಟ್ಟಿದ್ದರು. ಚಿಕ್ಕಪ್ಪ ಮೈಕಿನ ಮುಂದೆ ನಿಂತು, ‘ನಮ್ಮ ಮುಖ್ಯ ಅತಿಥಿಗಳು ಫ್ರೀವೇ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಆದ್ದರಿಂದ...’ ಎಂದು ಕ್ಯಾಲಮ್ ಕಡೆ ತಿರುಗಿ, ‘ಇನ್ನೂ ಒಂದು, ಪ್ಲೀಸ್’ ಎಂದರು.

ಅವರ ಬಳಿ ಇನ್ನೊಂದು ಹಾಡಿರಲಿಲ್ಲ. ನಾಲ್ಕು ವರ್ಷ ಕಟ್ಟಿದ್ದೆಲ್ಲ ಮುಗಿದಿತ್ತು. ಇನ್ನೂ ಬೇಕು ಎಂದು ಯಾರಾದರೂ ಕೇಳುತ್ತಾರೆಂದು ಅವರು ಅಂದುಕೊಂಡಿರಲೇ ಇಲ್ಲ. ನಾಲ್ವರೂ ಮುಖ ಮುಖ ನೋಡಿಕೊಂಡು, ಸರಪಳಿಯ ಹಾಡನ್ನೇ ಮತ್ತೆ ನುಡಿಸಿದರು. ಈ ಸಲ ಸಭೆಗೆ ಪಲ್ಲವಿ ಗೊತ್ತಿತ್ತು.

ವಂದನಾರ್ಪಣೆ

ಕನ್ನಡ ಸಂಘದಲ್ಲಿ ವಂದನಾರ್ಪಣೆಯಿಲ್ಲದೆ ಏನೂ ಮುಗಿಯುವುದಿಲ್ಲ. ಅದನ್ನು ನನಗೆ ವಹಿಸಿದ್ದು ಚಿಕ್ಕಪ್ಪ ಮಾಡಿದ ತಪ್ಪು. ನಾನು ತಂಡಕ್ಕೆ ವಂದಿಸಿದೆ. ಬಳಿಕ ಫೋನ್ ಎತ್ತದ ಏಜೆಂಟನ್ನೂ, ಕೈ ಕುಲುಕಿ ಮರೆತ ಕಂಪನಿಯನ್ನೂ ನೆನೆದು, ಕಂಪ್ಯೂಟ‌ರಿನ ಮೇಲೆ ತಪ್ಪು ಹೊರಿಸಿದ ಮ್ಯಾನೇಜರು ಎದ್ದು ನಿಂತು ಸಭೆಗೆ ಉತ್ತರ ಹೇಳಬೇಕೆಂದು ಇಂಗ್ಲಿಷಿನಲ್ಲಿ ಕೇಳಿದೆ.

ಆತ ಎದ್ದು ನಿಂತ. ‘ತಪ್ಪು ನನ್ನದೇ. ಕ್ಷಮಿಸಿ’ ಎಂದ, ಅಷ್ಟೇ. ನನ್ನ ಬದುಕಿನಲ್ಲಿ ಅಧಿಕಾರದ ಕುರ್ಚಿಯೊಂದರಿಂದ ಆ ವಾಕ್ಯ ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು. ಸಭೆ ಚಪ್ಪಾಳೆ ತಟ್ಟಿತು. ಆ ಕ್ಷಣದ ಘನತೆಯನ್ನು ನಾನು ಸವಿಯುವ ಮೊದಲೇ ಚಿಕ್ಕಪ್ಪ ಅವನಿಗೊಂದು ಶಾಲು ಹೊದಿಸಿಬಿಟ್ಟರು. ಯಾರಾದರೂ ದಾನಿಗಳು ಮುನಿಸಿಕೊಂಡಾರೆಂದು ಸಂಘದವರು ಯಾವಾಗಲೂ ಹೆಚ್ಚು ಶಾಲು ತಂದಿರುತ್ತಾರೆ. ತಪ್ಪೊಪ್ಪಿಕೊಂಡವನಿಗೂ ಶಾಲು, ತಪ್ಪಿನಿಂದ ನೊಂದ ನಾಲ್ವರಿಗೂ ಅದೇ ಶಾಲು, ಅದೇ ಏಲಕ್ಕಿ ಹಾರ! ಉತ್ತರದಾಯಿತ್ವದ ಬಗ್ಗೆ ನಾನು ಕಲಿತದ್ದೆಲ್ಲ ಆ ಜರಿಯಂಚಿನ ಕೆಳಗೆ ಮುಚ್ಚಿಹೋಯಿತು. ಸಿಟ್ಟಾಗಬೇಕೆಂದುಕೊಂಡೆ. ಹಾರ ಹಾಕಿಕೊಂಡ ಸೋದರರಿಬ್ಬರು ಒಬ್ಬರ ಏಲಕ್ಕಿಯನ್ನೊಬ್ಬರು ಮೂಸುತ್ತಿದ್ದುದನ್ನು ಕಂಡು ಆಗಲಿಲ್ಲ.

ಬಿಸಿಬೇಳೆಬಾತ್ ಉಂಡು ಅವರು ವ್ಯಾನು ತುಂಬುತ್ತಿದ್ದಾಗ ಪಾಟೀಲ ಮಾಸ್ತರರು ಹೊರಗೆ ಬಂದರು. ಮೊರಾಗ್‌ಳ ಕೈಗೆ ತಮ್ಮ ಆಹ್ವಾನ ಪತ್ರಿಕೆ ಕೊಟ್ಟರು. ಮೂರು ಗಂಟೆ ಎಂದು ಅಚ್ಚಾದ ಜಾಗದಲ್ಲಿ, ಕೆಂಪು ಶಾಯಿಯಲ್ಲಿ, ದೊಡ್ಡದೊಂದು ಸರಿ ಗುರುತು ಇತ್ತು.

‘ಅಧ್ಯಕ್ಷರ, ಈ ಹುಡುಗಿಗೆ ಹೇಳ್ರಿ’ ಎಂದರು ಚಿಕ್ಕಪ್ಪನ ಕಡೆ ತಿರುಗಿ. ‘ಈ ದೇಶಕ್ಕ ಬಂದಾಗಿಂದ ಇವತ್ತೊಂದಿನ ನಿಮ್ಮ ಕಾರ್ಡು ಖರೇ ಹೇಳಿತು. ಅದನ್ನ ಖರೇ ಮಾಡಿದವರು ಇವರು.’

ಚಿಕ್ಕಪ್ಪ ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದು, ತಿರುಗಿಸಲಾರದೆ ನನ್ನ ಕಡೆ ನೋಡಿದರು. ಮೊರಾಗ್ ಕಾಯಲಿಲ್ಲ. ಶಾಲೆಯಲ್ಲಿ ಕಲಿತ ಯಾರಿಗಾದರೂ ಆ ಗುರುತಿನ ಅರ್ಥ ಗೊತ್ತು. ತನಗೆ ಒಂದಕ್ಷರವೂ ಓದಲು ಬಾರದ ಆ ಕನ್ನಡ ಪತ್ರಿಕೆಯನ್ನು ಅವಳು ಶಾಲಿನ ಒಳಗೆ, ಎದೆಯ ಬಳಿ, ಜೋಪಾನವಾಗಿ ಸೇರಿಸಿಕೊಂಡಳು. ವ್ಯಾನು ಹತ್ತುವಾಗ ಇನ್ನೂ ಬರಿಗಾಲಿನಲ್ಲೇ ಇದ್ದಳು.